ನಾಲ್ಕೂ ಕಡೆ ಸಮವಾದ ಹೊದಿಕೆ

ಕೊನೆಯ ಉತ್ತರಪತ್ರಿಕೆಗೆ ಕೆಂಪು ಶಾಯಿಯಲ್ಲಿ ಅಂಕ ಬರೆದು, ಪೆನ್ನಿಗೆ ಮುಚ್ಚಳ ಹಾಕಿದ ಸಂಜೆಯೇ ಮಾಲಿನಿ ಮನೆಯಲ್ಲಿ ಘೋಷಣೆ ಹೊರಡಿಸಿದಳು.

"ಈ ರಜೆಯಲ್ಲಿ ಅಂಗಡಿಯಿಂದ ಒಂದು ಹಪ್ಪಳವೂ ಈ ಮನೆಗೆ ಬರಬಾರ್ದು. ಎಲ್ಲಾ ನನ್ನ ಕೈಯಲ್ಲೇ ಆಗ್ಬೇಕು."

"ಅಕ್ಕಿಯೂ ನೀನೇ ಬೆಳೀತ್ಯಾ?" ಎಂದ ಶ್ರೀಧರ, ಊಟದ ತಟ್ಟೆಯಿಂದ ಕಣ್ಣೆತ್ತದೆ. ಹೊನ್ನಾವರದಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ದಿನವಿಡೀ ಕೆಟ್ಟ ಮೋಟಾರುಗಳ ಗದ್ದಲ ಕೇಳಿ ಬಂದವನಿಗೆ ಹೆಂಡತಿಯ ಘೋಷಣೆಗಳು ಕಿವಿಗೆ ಅಷ್ಟೇನೂ ನಾಟುತ್ತಿರಲಿಲ್ಲ.

ಮಾಲಿನಿ ಕುಮಟೆಯ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷದಿಂದ ಗಣಿತ ಕಲಿಸುವವಳು. ಲೆಕ್ಕದಲ್ಲಿ ಒಂದು ದಶಕ ಬಿಟ್ಟರೂ ಪುಟಕ್ಕೆ ಅಡ್ಡಗೀಟು ಎಳೆಯುವವಳು ಎಂಬ ಕೀರ್ತಿ ಧಾರೇಶ್ವರದ ಅವಳ ಮನೆಯಿಂದ ಕುಮಟೆಯ ಬಸ್‌ಸ್ಟ್ಯಾಂಡಿನ ತನಕ ಹಬ್ಬಿತ್ತು. ಅಂಥವಳು ಘೋಷಿಸಿದ ಮೇಲೆ ಮುಗಿಯಿತು. ಏಪ್ರಿಲ್ ಎರಡನೆಯ ವಾರದೊಳಗೆ ಅಡುಗೆಮನೆಯ ತೊಲೆಗೆ ಕುಮಟೆಯ ಸಿಹಿ ಈರುಳ್ಳಿಯ ಜಡೆಗಳು ತೂಗಿದವು. ಮಾವಿನ ಮಿಡಿ ಉಪ್ಪಿನಲ್ಲಿ ಮುಳುಗಿತು. ಮುರುಗಲ ಹುಳಿಹಣ್ಣಿನ ಸಿಪ್ಪೆ ಟೆರೇಸಿನ ಮೇಲೆ ಕಪ್ಪಾಯಿತು. ಹಲಸಿನ ಹಪ್ಪಳವಂತೂ ಸ್ಕೂಲಿನ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲುಸಾಲಾಗಿ ಒಣಗಿತು. ಬೆಳಿಗ್ಗೆ ಹನ್ನೊಂದಕ್ಕೆ ಕೆಲಸ ಮುಗಿಸಿ, ತಣ್ಣನೆ ಸಿಮೆಂಟು ನೆಲದ ಮೇಲೆ ಕಾಲು ಚಾಚಿ ಒಂದು ಲೋಟ ಮುರುಗಲ ಪಾನಕ ಕುಡಿಯುವಾಗ, ಇಷ್ಟು ವರ್ಷ ತಾನು ಬದುಕಿದ್ದು ಬರೀ ಗಂಟೆ ಹೊಡೆಯುವುದನ್ನು ಕೇಳಲಿಕ್ಕೋ ಎನಿಸುತ್ತಿತ್ತು ಅವಳಿಗೆ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇಲ್ಲ. ಭಟ್ಕಳದಲ್ಲಿ ಶ್ರೀಧರನ ಅಕ್ಕ ಮಂಗಲಾ ಇದ್ದಳು. ಮಂಗಲಾಳ ಕಸೂತಿ, ಮಂಗಲಾಳ ಬಾಗಿಲು ತೋರಣ, ಮಂಗಲಾಳ ಮಣಿಯ ಹೂಜಿ, ಇವು ಆ ಬಳಗದಲ್ಲಿ ಮಾತಿಲ್ಲದೆ ಒಪ್ಪಿದ ವಿಷಯಗಳು. ಅವಳ ಮಗಳು ಚಂದನಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮೇ ತಿಂಗಳ ಮೂರನೆಯ ಭಾನುವಾರ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಾಲಿನಿ ಬರೆದಳು: 'ಮಗುವಿಗೆ ನಾನೇ ಕ್ರೋಶಾ ಹೊದಿಕೆ ಹೆಣೆದು ತರ್ತೇನೆ.'

ಮಂಗಲಾ ಒಂದು ನಗುವ ಮುಖ ಕಳಿಸಿ, ಕೆಳಗೆ ಬರೆದಳು: 'ನೀನಾ?'

ಆ ಎರಡಕ್ಷರ ಮಾಲಿನಿಯ ಎದೆಯಲ್ಲಿ ಕೂತಿತು.

ಮಾರನೇ ದಿನ ಕುಮಟೆಯಿಂದ ಹಳದಿ, ಬಿಳಿ ಉಲ್ಲನ್ ಉಂಡೆಗಳು ಬಂದವು. ಮೊಬೈಲಿನಲ್ಲಿ ಒಬ್ಬಳು ಹುಡುಗಿ ತೋರಿಸಿಕೊಟ್ಟ ಪ್ರಕಾರ, ಎಂಟು ಉದ್ದ ಪಟ್ಟಿಗಳನ್ನು ಹೆಣೆದು ಒಂದಕ್ಕೊಂದು ಹೊಲಿದರೆ ಚೌಕ ಹೊದಿಕೆ. ಒಂದು ಪಟ್ಟಿಗೆ ಹನ್ನೆರಡು ಕಂಬ, ಅಂದರೆ ಕ್ರೋಶಾ ಕಡ್ಡಿಯಿಂದ ಎದ್ದುನಿಲ್ಲಿಸುವ ಹನ್ನೆರಡು ಹೊಲಿಗೆ. ಸಾಲು ಮುಗಿದರೆ ತಿರುಗಿಸು, ಮತ್ತೆ ಹನ್ನೆರಡು. ಹತ್ತನೇ ಈಯತ್ತೆಗೆ ಪೈಥಾಗೊರಸ್‌ನನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿಸುವವಳಿಗೆ ಹನ್ನೆರಡು ಯಾವ ಲೆಕ್ಕ?

ಹೊರಗೆ ಮೂವತ್ತಾರು ಡಿಗ್ರಿ, ತಲೆಯ ಮೇಲೆ ಬಿಸಿಗಾಳಿ ಕಡೆಯುವ ಫ್ಯಾನು, ತೊಡೆಯ ಮೇಲೆ ಉಲ್ಲನ್ನು. ಬೆವರು ಮೂಗಿನ ತುದಿಯಿಂದ ಇಳಿಯುತ್ತಿದ್ದರೂ ಮಾಲಿನಿ ಹೆಣೆದಳು. ಹಪ್ಪಳ ಮಗುಚುತ್ತ, ಕಾಗೆ ಓಡಿಸುತ್ತ, ಫೋನಿನಲ್ಲಿ ಮಾತಾಡುತ್ತ ಹೆಣೆದಳು. ಎಣಿಸಲಿಲ್ಲ. ಎಣಿಸುವುದೆಲ್ಲ ಮಕ್ಕಳ ಕೆಲಸ.

ಮೊದಲ ಪಟ್ಟಿ ಮುಗಿದಾಗ ಶ್ರೀಧರ ಅದನ್ನು ಎತ್ತಿ ಹಿಡಿದ. ಬುಡದಲ್ಲಿ ಅರ್ಧ ಗೇಣಿದ್ದದ್ದು ತುದಿಗೆ ಬರುವಾಗ ಒಂದು ಮೊಳ ಆಗಿತ್ತು.

"ಇದು ಎಂತ? ಬೀಸಣಿಗೆಯಾ?"

"ತೊಳೆದ ಮೇಲೆ ಸರಿ ಆಗ್ತದೆ. ಹೊಸ ಉಲ್ಲನ್ ಹಂಗೇ, ಹಿಗ್ಗೂದು."

"ಒಂದೇ ಕಡೆ ಹಿಗ್ಗೂದಾ?"

"ನೀವು ಮೋಟಾರು ನೋಡಿ. ಇದು ನಿಮ್ಗೆ ಗೊತ್ತಾಗೂದಿಲ್ಲ."

ಹಾಗೆಂದಳಾದರೂ ಅವನು ಅಂಗಡಿಗೆ ಹೋದ ಮೇಲೆ ಪಟ್ಟಿಯನ್ನು ನೆಲದ ಮೇಲೆ ಹಾಸಿ ಒಂದು ಗಳಿಗೆ ನೋಡಿದಳು. ಆಮೇಲೆ ಕಿರಿದಾದ ಬುಡದ ಹತ್ತಿರ ಮೊಣಕಾಲೂರಿ ಕೂತು, ಮೊಬೈಲನ್ನು ನೆಲಕ್ಕೆ ತಗ್ಗಿಸಿ ಫೋಟೋ ತೆಗೆದಳು. ದೂರದ್ದು ಚಿಕ್ಕದಾಗಿ ಕಾಣುವುದು ಲೋಕದ ನಿಯಮ. ಅಗಲವಾದ ತುದಿ ದೂರ ಸರಿದು, ಬುಡದ ಸಮಕ್ಕೆ ನಿಂತಿತು. ರೇಖಾಗಣಿತ ಹದಿನೆಂಟು ವರ್ಷದಲ್ಲಿ ಮೊದಲ ಸಲ ಮನೆಯ ಉಪಯೋಗಕ್ಕೆ ಬಂದಿತ್ತು.

ಗುಂಪಿನಲ್ಲಿ ಚಪ್ಪಾಳೆಗಳು ಸುರಿದವು. ಮಂಗಲಾ ಮಾತ್ರ ಕೇಳಿದಳು: 'ಹೊದಿಕೆ ನಾಲ್ಕೂ ಕಡೆ ಸಮ ಬತ್ತದಲಾ?'

'ಸಮ ಬತ್ತದೆ ಅತ್ಗೆ,' ಎಂದು ಬರೆದಳು ಮಾಲಿನಿ. ಬರೆದ ಮೇಲೆ ಎದ್ದು ಹೋಗಿ ಎರಡು ಲೋಟ ನೀರು ಕುಡಿದಳು.

ಫೋಟೋದ ಮಹಿಮೆ ಓಣಿಗೂ ತಲುಪಿತು. ಎದುರುಮನೆಯ ಸುಕ್ರಿ, ಹಿಂದಿನ ಮನೆಯ ಬಂಗಾರಿ ಇಬ್ಬರೂ ಮಧ್ಯಾಹ್ನ ಬಂದು ಮನೆ ಮುಂದಿನ ಜಗಲಿಕಟ್ಟೆ, ಚಿಟ್ಟೆಯ ಮೇಲೆ ಕೂತರು. "ನಮ್ಗೂ ಕಲಿಸಿ ಅಕ್ಕೋರೆ," ಎಂದರು. ಕಲಿಸಿ ಎಂದು ಯಾರಾದರೂ ಕೇಳಿದರೆ ಮಾಲಿನಿಯ ಬೆನ್ನು ತಾನಾಗಿಯೇ ನೇರವಾಗುತ್ತದೆ. ಇಬ್ಬರಿಗೂ ಕಡ್ಡಿ, ಉಲ್ಲನ್ ಕೊಟ್ಟಳು. ನಾಲ್ಕು ಪಟ್ಟಿ ತನ್ನದು, ಅವರದು ಎರಡೆರಡು. ಹೊದಿಕೆ ಬೇಗ ಆಗುತ್ತದೆ, ವಿದ್ಯಾದಾನವೂ ಆಗುತ್ತದೆ.

ಚಹಾ, ಹುರಿದ ಹಲಸಿನ ಬೇಳೆ, ಊರಿನ ಸುದ್ದಿ, ಇವುಗಳ ನಡುವೆ ತರಗತಿ ಸುಖವಾಗಿ ಸಾಗಿತು. ಒಂದು ವಾರ ಕಳೆದ ಮೇಲೆ ಸುಕ್ರಿ ಅಳುಕುತ್ತ ತನ್ನದನ್ನು ಮುಂದೆ ಹಿಡಿದಳು.

"ಅಕ್ಕೋರೆ, ನಂದು ಹೋಗ್ತಾ ಹೋಗ್ತಾ ಅಗಲ ಆಗ್ತದೆ."

"ನಿನ್ನ ಕೈ ಸಡಿಲ ಸುಕ್ರಿ. ಬಿಗಿ ಹಿಡಿ."

ಸುಕ್ರಿ ಬಿಗಿ ಹಿಡಿದಳು. ಮತ್ತೂ ಅಗಲವಾಯಿತು. ಬಂಗಾರಿಯದೂ ಹಾಗೇ. ಗುರುವಿನಂತೆಯೇ ಶಿಷ್ಯರು ಎಂಬುದಕ್ಕೆ ಧಾರೇಶ್ವರದ ಆ ಚಿಟ್ಟೆಯಲ್ಲಿ ಎಂಟು ಬೀಸಣಿಗೆಗಳು ಸಾಕ್ಷಿಯಾದವು.

ಭಾನುವಾರಕ್ಕೆ ನಾಲ್ಕೇ ದಿನ ಉಳಿದಿದ್ದಾಗ ಹೊಲಿಗೆ ಶುರುವಾಯಿತು. ಎರಡು ಪಟ್ಟಿ ಸೇರಿಸಿದರು, ಸ್ವಲ್ಪ ವಾಲಿತು. ಮೂರನೆಯದು ಸೇರಿದಾಗ ಹೆದ್ದಾರಿಯ ತಿರುವಿನಂತೆ ಬಳುಕಿತು. ನಾಲ್ಕು, ಐದು ಸೇರುವಷ್ಟರಲ್ಲಿ ಅದು ಕುರ್ಚಿಯನ್ನು ಸುತ್ತುಹಾಕಿ ಬಾಗಿಲ ಕಡೆ ಹೊರಟಿತ್ತು. ಊಟಕ್ಕೆ ಬಂದ ಶ್ರೀಧರ ಹೊಸ್ತಿಲಲ್ಲೇ ನಿಂತ.

"ನಾ ಒಳಗೆ ಬರೂಕೆ ದಾರಿ ಎಲ್ಲಿ ಮಾರಾಯ್ತಿ?"

ಅದೇ ಹೊತ್ತಿಗೆ ಬಂಗಾರಿಯ ಗಂಡ ದಾಸ, ಹೆಂಡತಿಯನ್ನು ಊಟಕ್ಕೆ ಕರೆಯಲು ಬಂದ. ದಾಸ ಬೀಸುಬಲೆ ಹೆಣೆಯುವುದರಲ್ಲಿ ಹೆಸರುವಾಸಿ. ಅವನು ಹೆಣೆದ ಬಲೆ ಬೇಕೆಂದು ಮಿರ್ಜಾನದಿಂದಲೂ ಮೀನುಗಾರರು ಹುಡುಕಿಕೊಂಡು ಬರುತ್ತಿದ್ದರು. ನೆಲದ ಮೇಲಿದ್ದದ್ದನ್ನು ನೋಡಿ ಅವನ ಮುಖ ಅರಳಿತು.

"ಬೀಸುಬಲೆ ಹೆಣೂಕೆ ಯಾವಾಗ ಕಲಿತ್ರಿ ಅಕ್ಕೋರೆ? ಚಂದ ಆಗದೆ."

"ಇದು ಬಲೆ ಅಲ್ಲ ದಾಸ. ಕ್ರೋಶಾ," ಎಂದಳು ಮಾಲಿನಿ, ತರಗತಿಯ ದನಿಯಲ್ಲಿ.

"ಗಂಟು ಬೇರೆ. ಲೆಕ್ಕ ಒಂದೇ ಅಲ್ದಾ?"

ಅವನು ಕುಕ್ಕರುಗಾಲಲ್ಲಿ ಕೂತು, ಬುಡದ ಸಾಲಿನ ಹೊಲಿಗೆಗಳ, ಬಲೆಯವರ ಮಾತಲ್ಲಿ ಕಣ್ಣುಗಳ, ಮೇಲೆ ಬೆರಳಾಡಿಸಿ ಎಣಿಸಿದ. ಹನ್ನೆರಡು. ಅದರ ಮೇಲಿನದು ಹದಿಮೂರು. ಅದರ ಮೇಲಿನದು ಹದಿನೈದು. ಹಾಗೇ ಮೇಲೇರಿ ತುದಿಗೆ ಬರುವಾಗ ಅರವತ್ತು ದಾಟಿತ್ತು.

"ಸಾಲು ತಿರುಗೂ ಕಡೆ ಒಂದೋ ಎರಡೋ ಕಣ್ಣು ಹೆಚ್ಚು ಬೀಳ್ತದೆ. ಬೀಸುಬಲೆಗೆ ನಾವು ಬೇಕು ಅಂತಲೇ ಹಂಗೆ ಮಾಡೂದು. ಮೇಲೆ ಸಣ್ಣ, ಕೆಳಗೆ ಅಗಲ. ನೀವು ಎಂತಕ್ಕೆ ಮಾಡಿದ್ರಿ?"

ಎರಡು ಕಣ್ಣಿದ್ದೂ ಒಂದು ಕಣ್ಣು ಎಣಿಸದವಳ ಕಡೆ ಎಲ್ಲರೂ ನೋಡಿದರು.

"ಹಂಗಾದ್ರೆ ನನ್ನ ಕೈ ಸಡಿಲ ಅಲ್ಲ," ಎಂದಳು ಸುಕ್ರಿ, ತುಂಬ ಮೆಲ್ಲಗೆ.

ಒಂದು ಬಿಟ್ಟುಹೋಗಿದ್ದಕ್ಕೆ, ಒಂದು ಹೆಚ್ಚಾಗಿದ್ದಕ್ಕೆ ತಾನು ಎಳೆದ ಅಡ್ಡಗೀಟುಗಳೆಲ್ಲ ಸಾಲಾಗಿ ಮಾಲಿನಿಯ ಕಣ್ಣ ಮುಂದೆ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡಳು.

"ತಪ್ಪು ನಂದೇ," ಎಂದಳು. "ಎಲ್ಲಾ ಬಿಚ್ಚುವ. ಹೊಸದಾಗಿ ಹೆಣೆಯುವ."

"ನಾ ಬಿಚ್ಚೂದಿಲ್ಲ," ಎಂದಳು ಬಂಗಾರಿ. ತನ್ನ ಎರಡು ಪಟ್ಟಿಯನ್ನು ಎದೆಗೆ ಅವಚಿಕೊಂಡಿದ್ದಳು. "ಜನ್ಮದಲ್ಲಿ ನಾ ಹೆಣೆದಿದ್ದು ಇದೇ ಮೊದಲು ಅಕ್ಕೋರೆ. ಇವರು ಬಲೆ ಹೆಣೀತಾರೆ, ನಾ ಬರೀ ನೋಡೂದು. ಬಿಚ್ಚಿದ್ರೆ ನನ್ನ ಹತ್ರ ಎಂತ ಉಳೀತದೆ?"

ದಾಸ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ.

ಮಾಲಿನಿ ಹೊಲಿದಿಟ್ಟ ಐದು ಪಟ್ಟಿಗಳನ್ನು ಮತ್ತೆ ದಿಟ್ಟಿಸಿದಳು. ಬಾಗಿದೆ, ಸರಿ. ಎಷ್ಟು ಬಾಗಿದೆ? ಒಂದೊಂದೂ ಇಷ್ಟಿಷ್ಟೇ ಬಾಗಿದರೆ ಎಂಟು ಎಲ್ಲಿಗೆ ಹೋಗಿ ಮುಟ್ಟುತ್ತದೆ? ನೆಲದ ಮೇಲೆ ಸೀಮೆಸುಣ್ಣ ತಂದು ಗೆರೆ ಎಳೆದಳು, ದಾರ ಹಿಡಿದು ಅಳೆದಳು. ಒಂದು ಪಟ್ಟಿಗೆ ಸುಮಾರು ನಲವತ್ತೈದು ಡಿಗ್ರಿ. ಎಂಟು ನಲವತ್ತೈದಲೆ?

"ಮುನ್ನೂರ ಅರವತ್ತು," ಎಂದಳು ಗಟ್ಟಿಯಾಗಿ. "ಇದು ಚೌಕ ಆಗೂದಿಲ್ಲ. ಗುಂಡಗೆ ಆಗ್ತದೆ. ಚಂದ್ರನ ಹಾಗೆ."

ಆ ಮೂರು ದಿನ ಆ ಮನೆಯಲ್ಲಿ ಹಪ್ಪಳವನ್ನು ಕೇಳುವವರೇ ಇರಲಿಲ್ಲ. ಎಂಟನೆಯ ಪಟ್ಟಿ ಮೊದಲನೆಯದಕ್ಕೆ ಬಂದು ಕೂಡಿದಾಗ ಸುಕ್ರಿ ಕೈ ಮುಗಿದಳು. ನಡುವೆ ತಟ್ಟೆಯಷ್ಟಗಲ ತೂತು ಉಳಿದಿತ್ತು. ದಾಸ ತನ್ನ ಬಲೆಯ ಸೂಜಿಗೆ ಹಳದಿ ಉಲ್ಲನ್ ಸುತ್ತಿಕೊಂಡು ಕೂತು, ಒಂದು ಮಧ್ಯಾಹ್ನದಲ್ಲಿ ಅದನ್ನು ಸಣ್ಣ ಸಣ್ಣ ಕಣ್ಣುಗಳಿಂದ ಮುಚ್ಚಿದ. ಜೊತೆಗೆ ಮೂವರಿಗೂ ಒಂದು ಉಪಾಯ ಹೇಳಿಕೊಟ್ಟ: ಸಾಲಿನ ಮೊದಲ ಕಣ್ಣಿಗೂ ಕೊನೆಯ ಕಣ್ಣಿಗೂ ಕೆಂಪು ನೂಲು ಕಟ್ಟಿ. ಅದನ್ನು ದಾಟಿ ಹೋಗಬೇಡಿ.

ಭಾನುವಾರ ಭಟ್ಕಳದ ಬಸ್ಸಿನಲ್ಲಿ ಆ ಉಲ್ಲನ್ ಚಂದ್ರ ಮಾಲಿನಿಯ ತೊಡೆಯ ಮೇಲೆ ಬಂದಿತು. ಇಳಿಯುವಾಗ ಅವಳ ಸೀರೆ ಹಿಂಡುವಷ್ಟು ಒದ್ದೆಯಾಗಿತ್ತು. ತಲೆ ಮಾತ್ರ ಎತ್ತಿಯೇ ಇತ್ತು.

ನೆಂಟರೆಲ್ಲ ಸೇರಿದ್ದ ಹಜಾರದಲ್ಲಿ ಅವಳು ಹೊದಿಕೆ ಬಿಡಿಸಿದಳು. ಮಂಗಲಾ ಕನ್ನಡಕ ಹಾಕಿಕೊಂಡು ಬಂದು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದಳು. ಹೊಲಿಗೆ ಮಗುಚಿ ನೋಡಿದಳು. ಅಂಚು ಜಗ್ಗಿ ನೋಡಿದಳು.

"ನಾಲ್ಕೂ ಕಡೆ ಸಮ ಅಂದಿದ್ದೆ ನೀನು."

"ಇದಕ್ಕೆ ಕಡೆಯೇ ಇಲ್ಲ ಅತ್ಗೆ. ಎಲ್ಲಿಂದ ಅಳೆದ್ರೂ ಸಮ."

ಶ್ರೀಧರ ಕೆಮ್ಮಿದ. ಮಂಗಲಾ ಮಗುವನ್ನು ತಂದು ಹೊದಿಕೆಯ ನಟ್ಟನಡುವೆ, ದಾಸ ಹೆಣೆದ ಜಾಗದಲ್ಲಿ ಮಲಗಿಸಿದಳು. ಆ ಸೆಕೆಯಲ್ಲಿ ಹೊದೆಸುವ ಮಾತೆಲ್ಲಿ? ಮಗು ಕೈಕಾಲು ಚಾಚಿ, ಹಳದಿ ಬಿಳಿ ದಳಗಳ ನಡುವೆ ಕಣ್ಣು ಮುಚ್ಚಿತು. ಚಂದನಾ ಫೋಟೋ ತೆಗೆದಳು, ಈ ಸಲ ನೆಟ್ಟಗೆ ಮೇಲಿನಿಂದ.

"ಯಾರು ಹೆಣೆದದ್ದು?" ಎಂದು ಚಂದನಾಳ ಅತ್ತೆ ಕೇಳಿದರು.

ಮಾಲಿನಿ ಬಾಯಿ ತೆರೆದಳು, ಒಂದು ಕ್ಷಣ ತಡೆದಳು. "ನಾವು ನಾಲ್ಕು ಜನ," ಎಂದಳು. ಸುಕ್ರಿ, ಬಂಗಾರಿ, ದಾಸ, ಮೂವರ ಹೆಸರನ್ನೂ ಹೇಳಿದಳು. ಹೇಳಿದ ಮೇಲೆ ತಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಹೆಮ್ಮೆ ಎನಿಸಿತು.

ಹೊರಡುವಾಗ ಮಂಗಲಾ ಗೇಟಿನ ತನಕ ಬಂದಳು. ಹೂವು ಮುಡಿಸಿದಳು. "ಮಾಲಿನಿ," ಎಂದಳು ದನಿ ತಗ್ಗಿಸಿ, "ನಂಗೂ ಒಂದು ಬೇಕು. ಹಿಂಗೇ ಗುಂಡಗಿರಬೇಕು."

"ಒಂದೆಂತಕ್ಕೆ ಅತ್ಗೆ? ಎರಡು ಮಾಡ್ತೇನೆ. ಸ್ಕೂಲು ಶುರು ಆಗೂದ್ರೊಳಗೆ ಒಂದು ಆತು ಅಂತ ತಿಳೀರಿ."

ಮರುದಿನವೇ ಚಿಟ್ಟೆಯ ಮೇಲೆ ತರಗತಿ ಕೂತಿತು. ಮಾಲಿನಿ ಹನ್ನೆರಡು ಕಂಬ ಹಾಕಿ, ಎರಡು ತುದಿಗೂ ಕೆಂಪು ನೂಲು ಕಟ್ಟಿ, ಭಕ್ತಿಯಿಂದ ಹೆಣೆದಳು. ಪಟ್ಟಿ ಗೆರೆ ಎಳೆದ ಹಾಗೆ ನೆಟ್ಟಗೆ ಬಂತು. ಬುಡದಲ್ಲಿ ಹನ್ನೆರಡು, ತುದಿಯಲ್ಲಿ ಹನ್ನೆರಡು. ಗುಂಡಗಾಗಲು ಬೀಸಣಿಗೆಯೇ ಬೇಕಲ್ಲ; ನೂಲು ಕಿತ್ತು, ಬಿಚ್ಚಿ ಮತ್ತೆ ಹೆಣೆದಳು. ಮತ್ತೆ ನೆಟ್ಟಗೆ. ಸುಕ್ರಿಯದೂ ನೆಟ್ಟಗೆ. ಬಂಗಾರಿಯದು ಎಲ್ಲಕ್ಕಿಂತ ನೆಟ್ಟಗೆ. ಬೇಕೆಂದೇ ಅಲ್ಲಲ್ಲಿ ಒಂದೊಂದು ಹೆಚ್ಚಿಸಿ ನೋಡಿದರೆ ಒಂದು ಮಗ್ಗುಲು ಮಾತ್ರ ಸುರುಟಿ ಹಪ್ಪಳದಂತಾಯಿತು.

ಮೂರನೆಯ ದಿನ ಶ್ರೀಧರ ಬಂದಾಗ ಅವಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

"ಎಂತ ಆತು? ಮತ್ತೆ ತಪ್ಪಿತಾ?"

"ಇಲ್ಲ," ಎಂದಳು ಮಾಲಿನಿ, ಅಳು ಬರುವ ದನಿಯಲ್ಲಿ. "ಸರಿಯಾಗ್ತಾ ಅದೆ."

ಸ್ಕೂಲು ಶುರುವಾಗಲು ಐದೇ ದಿನ. ಮಂಗಲಾಳಿಂದ ಬೆಳಿಗ್ಗೆಯೇ 'ಎಲ್ಲಿ ತನಕ ಬಂತು?' ಎಂದು ಸಂದೇಶ ಬಂದಿತ್ತು. ಮಾಲಿನಿ ಕಡ್ಡಿ, ಉಲ್ಲನ್ ಚೀಲಕ್ಕೆ ಹಾಕಿಕೊಂಡು ಹಿಂದಿನ ಮನೆಯ ಅಂಗಳಕ್ಕೆ ನಡೆದಳು. ದಾಸ ಚಾಪೆಯ ಮೇಲೆ ಕೂತು ಹರಿದ ಬಲೆ ಸರಿಮಾಡುತ್ತಿದ್ದ. ಬೇಕೆಂದೇ ಅಗಲ ಮಾಡುವುದು ಹೇಗೆಂದು ಅವಳು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ನಗಲಿಲ್ಲ. ಹಿಡಿದ ಗಂಟನ್ನು ಬಿಗಿದು, ಬಲೆ ಬದಿಗೆ ಸರಿಸಿ, ಚಾಪೆಯಲ್ಲಿ ಜಾಗ ಮಾಡಿದ.

"ಕೂತ್ಕಣಿ ಅಕ್ಕೋರೆ. ಮೊದ್ಲು ಹನ್ನೆರಡರ ತನಕ ಎಣಿಸಿ, ನಾ ಕೇಳ್ತೆ."

ಮಾಲಿನಿ ಒಮ್ಮೆ ಬೇಲಿಯಾಚೆ ಇಣುಕಿ, ಓಣಿಯಲ್ಲಿ ತನ್ನ ವಿದ್ಯಾರ್ಥಿಗಳು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗು ಸರಿಪಡಿಸಿ ಕೂತು, "ಒಂದು," ಎಂದಳು.