ಷೇರು ಮಾರಲು ಕಾಗೆಯ ಒಪ್ಪಿಗೆ

ನನ್ನ ಗಂಡ ಲಕ್ಷ್ಮಯ್ಯ ಹೋಗುವಾಗ ಒಂದು ಸಾಫ್ಟ್‌ವೇರ್ ಕಂಪನಿಯ ಷೇರು ಬಿಟ್ಟುಹೋದರು. ಆ ಕಂಪನಿ ಏನು ಮಾಡುತ್ತದೋ ನನಗೆ ಗೊತ್ತಿಲ್ಲ. ಬೆಳಗ್ಗೆ ಎದ್ದವರೇ ಮೊಬೈಲಿನಲ್ಲಿ ಅದರ ರೇಟು ನೋಡಿ "ಏರೈತೆ ಕಣೇ" ಎನ್ನುತ್ತಿದ್ದರು. ಇಳಿದ ದಿನ ಕಾಫಿಗೆ ಸಕ್ಕರೆ ಸಾಲದು ಎನ್ನುತ್ತಿದ್ದರು. ನನಗೆ ಅಷ್ಟು ಸಾಕು. ನಾನು ಅದನ್ನು ಮಾರುವವಳಲ್ಲ.

ಮೈದುನ ಗೋವಿಂದರಾಜು ಮಾರಿ ಎನ್ನುತ್ತಾನೆ. ಅಳಿಯ ರವಿಚಂದ್ರ ಬೇಡ ಎನ್ನುತ್ತಾನೆ. ಇಬ್ಬರೂ ನಮ್ಮ ಜಗಲಿಯಲ್ಲಿ ಕೂತರೆ ಅದೇ ಷೇರುಪೇಟೆ. (ಟೀ ಪುಡಿ ನನ್ನದು.)

"ಅತ್ತಿಗೆ, ಎಐ ಬಂದೈತೆ. ಇನ್ನು ಈ ಸಾಫ್ಟ್‌ವೇರ್ ಯಾರು ತಗೋತಾರೆ? ಈಗ್ಲೇ ಮಾರ್ಬಿಡಿ."

"ಸುಮ್ನಿರಿ ಮಾವ. ಸೋಂಪುರದಲ್ಲಿ ನಮ್ ಫ್ಯಾಕ್ಟರಿ ಸಂಬಳ, ಸ್ಟೋರು ಎಲ್ಲಾ ಅದ್ರಲ್ಲೇ ನಡೀತೈತೆ. ದಿನಾ ಬೈತೀವಿ. ಕಿತ್ತಾಕಕ್ಕೆ ಮಾತ್ರ ಆಗಲ್ಲ."

"ಬೈಸ್ಕೊಳ್ಳೋ ಮಾಲಿಗೆ ಏನಪ್ಪಾ ಬೆಲೆ?"

"ಅತ್ತೆ ನಿಮ್ಮನ್ನ ದಿನಾ ಬೈತಾರೆ. ನೀವು ಬರೋದು ಬಿಟ್ರಾ?"

ಕೇಳಿ ಕೇಳಿ ಸಾಕಾಯಿತು. "ವರ್ಷದ ತಿಥಿಗೆ ಅವರನ್ನೇ ಕೇಳೋಣ" ಎಂದೆ. ನಮ್ಮಲ್ಲಿ ಸತ್ತವರಿಗೆ ಎಡೆ ಇಟ್ಟರೆ ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಯಾರು ಮಾತಾಡುವಾಗ ಕಾಗೆ ಬಂದು ಮುಟ್ಟುತ್ತದೋ ಅವರು ಹೇಳಿದಂತೆ ಆಗಲಿ ಎಂದೆ. ಇಬ್ಬರೂ ಒಪ್ಪಿದರು.

ನಾನು ಗೆಲ್ಲುವುದು ಖಂಡಿತ. ಅವರು ಹೋದಾಗಿನಿಂದ ಮಹಡಿಯ ಮೇಲೆ ಒಂದು ಕಾಗೆಗೆ ಮುದ್ದೆ ಹಾಕುತ್ತಿದ್ದೇನೆ. ಮನೆಯ ಕಷ್ಟಸುಖ ಹೇಳುತ್ತೇನೆ. ನನ್ನ ದನಿ ಕೇಳಿದರೆ ಎಲ್ಲಿದ್ದರೂ ಹಾರಿ ಬರುತ್ತದೆ. (ನಾನು ಎಷ್ಟು ಕೂಗಿದರೂ ಗಂಡ ಬರುತ್ತಿರಲಿಲ್ಲ.) ಈ ವಿಷಯ ಯಾರಿಗೂ ಗೊತ್ತಿಲ್ಲ.

ತಿಥಿಯ ದಿನ ಮಹಡಿಯಲ್ಲಿ ಎಡೆ ಇಟ್ಟೆವು. ಮುದ್ದೆ, ಕೋಳಿ ಸಾರು, ಅವರ ಬೀಡಿ. ಕಾಗೆ ನೀರಿನ ಟ್ಯಾಂಕಿನ ಮೇಲೆ ವಿರಾಜಮಾನವಾಗಿತ್ತು. ಕೊನೆಯ ಸರದಿ ನನ್ನದು ಎಂದು ಮೊದಲೇ ಹೇಳಿದ್ದೆ.

ರವಿಚಂದ್ರ ಕೈಮುಗಿದ. "ಮಾವ, ಷೇರು ಇಟ್ಕೋತೀವಿ, ಬನ್ನಿ."

ಕಾಗೆ ಕದಲಲಿಲ್ಲ.

ಗೋವಿಂದರಾಜು ಮುಂದೆ ಬಂದ. "ಅಣ್ಣಾ, ನಿನ್ ಕಂಪನಿ ಮುಳುಗ್ತೈತೆ. ಮಾರ್ಬಿಡ್ತೀವಿ. ಅತ್ತಿಗೆಗೆ ಇದೆಲ್ಲ ತಿಳಿಯಲ್ಲ, ಪಾಪ."

ಪಾಪವಂತೆ!

"ಲೇ ಗೋವಿಂದ, ಯಾರಿಗೋ ತಿಳಿಯಲ್ಲ?" ಎಂದು ಕೂಗಿಬಿಟ್ಟೆ.

ರಪ್ಪನೆ ಇಳಿಯಿತು ಕಾಗೆ. ಮುದ್ದೆಗೆ ಕೊಕ್ಕು ಹಾಕಿತು.

"ಅಣ್ಣ ಬಂದ! ನನ್ ಮಾತಿಗೆ ಬಂದ!" ಎಂದು ಗೋವಿಂದರಾಜು ಗೊಳೋ ಎಂದು ಅತ್ತ. ನೆಂಟರೆಲ್ಲ ಕೈಮುಗಿದರು. ಅದು ನಾನು ಸಾಕಿದ ಕಾಗೆ ಎಂದು ಯಾವ ಬಾಯಲ್ಲಿ ಹೇಳಲಿ? ಸರದಿ ಅವನದು, ಎಡೆಯ ಮುಂದೆ ಆದ ಮಾತು. ಸಹಿ ಹಾಕಿದೆ. ಷೇರು ಹೋಯಿತು.

ಅಷ್ಟಕ್ಕೇ ಬಿಟ್ಟನೇ? ಈಗ ಗೋವಿಂದರಾಜು ಯಾವ ಷೇರು ಕೊಳ್ಳುವುದಿದ್ದರೂ ಅಣ್ಣನನ್ನು ಕೇಳಲು ಬೆಳಗ್ಗೆಯೇ ನಮ್ಮ ಮಹಡಿ ಹತ್ತುತ್ತಾನೆ. ತಿಂಡಿಯೂ ಇಲ್ಲೇ. "ಅಣ್ಣ ಯಾಕೋ ಬರ್ತಿಲ್ಲ, ನೀವೂ ಒಂದ್ ಮಾತು ಹೇಳಿ ಅತ್ತಿಗೆ" ಎನ್ನುತ್ತಾನೆ. ನಾನು ಉಸಿರೆತ್ತಿದರೆ ಕಾಗೆ ಇಳಿಯುತ್ತದೆ, ಇವನು ಕಂಡ ಕಂಡ ಷೇರು ಕೊಳ್ಳುತ್ತಾನೆ. ತುಟಿ ಬಿಗಿದು ನಿಲ್ಲುತ್ತೇನೆ.

ನನ್ನ ಬಾಯಿ ಮುಚ್ಚಿಸುವುದು ಬದುಕಿದ್ದಾಗ ಅವರ ಕೈಲಿ ಆಗಲಿಲ್ಲ. ಸತ್ತ ಮೇಲೆ ಮುಚ್ಚಿಸಿದರು.