ಹಬ್ಬಕ್ಕೆ ಬಂದ ವಿ.ಪಿ. ಪಾರ್ಸಲ್ಲುಗಳು

ನಾನು ಪೋಸ್ಟ್‌ಮ್ಯಾನ್ ಆಗಿದ್ದಷ್ಟು ಕಾಲ ಒಂದು ಹಬ್ಬವೂ ಸುಮ್ಮನೆ ಕಳೆದದ್ದಿಲ್ಲ. ಮೊದಲು ರಾಯದುರ್ಗ, ಆಮೇಲೆ ಮಡಕಶಿರ. ಎರಡು ಊರಿನಲ್ಲೂ ಒಂದು ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೆಳಗೆ ಕ್ಯಾಟಲಾಗು ಓದುವ ಜನ.

ಮದ್ರಾಸು ಸರ್ಕಾರದ ದಿನಗಳವು. ನವರಾತ್ರಿಗೆ ಇನ್ನೂ ತಿಂಗಳಿರುವಾಗಲೇ ಎಲ್ಲೆಲ್ಲಿಂದಲೋ ಕಂಪನಿಗಳ ಬಣ್ಣದ ಕ್ಯಾಟಲಾಗುಗಳು ಬಂದು ಬೀಳುತ್ತಿದ್ದವು. ಓದಲು ಬಾರದವರು ಚಿತ್ರ ನೋಡಿ, ಬೆರಳಿಟ್ಟು ತೋರಿಸಿ, ನನ್ನ ಕೈಯಲ್ಲೇ ಕಾರ್ಡು ಬರೆಸುತ್ತಿದ್ದರು. ಮಾಲು ವಿ.ಪಿ. ಪಾರ್ಸಲ್ಲಿನಲ್ಲಿ ಬರುತ್ತಿತ್ತು. ವಿ.ಪಿ. ಎಂದರೆ ಮೊದಲು ದುಡ್ಡು ಕಟ್ಟಬೇಕು, ಆಮೇಲೆ ಗಂಟು ಬಿಚ್ಚಬೇಕು. ಬಿಚ್ಚಿ ನೋಡಿ ಕೊಡುತ್ತೇನೆ ಎಂದರೆ ನಡೆಯದು. ಎಷ್ಟೋ ಕಂಪನಿಗಳು ಬದುಕಿದ್ದೇ ಈ ಒಂದು ನಿಯಮದ ಮೇಲೆ. ಗಂಟು ಬಿಚ್ಚುವ ಹೊತ್ತಿನಲ್ಲಿ ಎದುರಿಗೆ ನಿಂತಿರುತ್ತಿದ್ದವನು ನಾನು. ಮೈಮೇಲೆ ಖಾಕಿ ಇದ್ದುದರಿಂದ ನಗುವ ಹಾಗೂ ಇರಲಿಲ್ಲ. ಈಗ ಖಾಕಿ ಇಲ್ಲ.

ಎರಡು ಗಡಿಯಾರ

ರಾಯದುರ್ಗದ ಬಜಾರಿನಲ್ಲಿ ಎಣ್ಣೆ ಸಾವಕಾರರ ಅಂಗಡಿಯೂ ಬಟ್ಟೆ ಸಾವಕಾರರ ಅಂಗಡಿಯೂ ಎದುರುಬದುರು. ಒಬ್ಬರ ಮನೆಗೆ ಹೊಸ ಕೊಡ ಬಂದರೆ ಇನ್ನೊಬ್ಬರ ಮನೆಗೆ ಹಂಡೆ ಬರುತ್ತಿತ್ತು.

ಒಂದು ದೀಪಾವಳಿಗೆ ಎಣ್ಣೆ ಸಾವಕಾರರು ಚಿನ್ನದ ಬಣ್ಣದ ಕೈಗಡಿಯಾರ ತರಿಸಿದರು. ಅದರ ಜೊತೆಗೆ ನೂರು ಸಾಮಾನು ಪುಕ್ಕಟೆ. ದುಡ್ಡು ಕಟ್ಟಿ ಬಿಚ್ಚಿದರು. ನೂರು ಸಾಮಾನು ಲೆಕ್ಕಕ್ಕೆ ಸರಿಯಾಗಿತ್ತು. ಒಂದು ಬಾಚಣಿಗೆ, ಒಂದು ಕನ್ನಡಿ, ಮಿಕ್ಕ ತೊಂಬತ್ತೆಂಟೂ ಗುಂಡುಸೂಜಿ. ಗಡಿಯಾರವನ್ನು ಕಿವಿಗೆ ಹಿಡಿದರು. ಅಲುಗಾಡಿಸಿ ಮತ್ತೆ ಹಿಡಿದರು.

"ಇದಕ ಕೀಲಿ ಕೊಡೋದು ಎಲ್ಲೈತ್ರಿ?"

ಬಗ್ಗಿ ನೋಡಿದೆ. ಕೀಲಿ ಇರಲಿಲ್ಲ. ಮುಳ್ಳುಗಳನ್ನು ಬಣ್ಣದಲ್ಲಿ ಬರೆದಿದ್ದರು. ಹತ್ತು ಗಂಟೆ ಹತ್ತು ನಿಮಿಷ.

ಆದರೆ ಗಡಿಯಾರ ಬರುತ್ತದೆಂದು ಬಜಾರಿಗೆಲ್ಲ ಹೇಳಿಯಾಗಿತ್ತು. ಸಾವಕಾರರು ಕಟ್ಟಿಕೊಂಡರು. ಯಾರಾದರೂ ಟೈಮು ಕೇಳಿದರೆ ಮೊದಲು ಅಂಗಡಿ ಮುಂದಿನ ಬೇವಿನ ಮರದ ನೆರಳು ನೋಡುವರು, ಆಮೇಲೆ ಕೈ ನೋಡುವರು, ಆಮೇಲೆ ಹೇಳುವರು.

ಎಂಟು ದಿನಕ್ಕೆ ಬಟ್ಟೆ ಸಾವಕಾರರಿಗೂ ಅದೇ ಅಳತೆಯ ಡಬ್ಬಿ ಬಂತು. ಬಿಚ್ಚಿದರು, ನೋಡಿದರು, ಮುಚ್ಚಳ ಮುಚ್ಚಿದರು. ಕೊನೆಗೆ ಮೆಲ್ಲಗೆ ಕೇಳಿದರು.

"ಎದುರಿನವರದೂ ಹಿಂಗ ಇತ್ತೇನ್ರಿ?"

"ಒಬ್ಬರ ಪಾರ್ಸಲ್ ಮಾತು ಇನ್ನೊಬ್ಬರಿಗೆ ಹೇಳಬಾರದ್ರಿ. ಸರ್ಕಾರದ ರೂಲು," ಎಂದೆ.

ಅವರೂ ಕಟ್ಟಿಕೊಂಡರು.

ಅಮಾವಾಸ್ಯೆ ಸಂಜೆ ಎಣ್ಣೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಏಳು ಗಂಟೆಯ ಮುಹೂರ್ತ. ಬಜಾರೆಲ್ಲ ಸೇರಿತ್ತು, ಬಟ್ಟೆ ಸಾವಕಾರರೂ ಬಂದಿದ್ದರು. ಪುರೋಹಿತರು ಗಂಟೆ ಕೈಗೆ ತಗೊಂಡು, "ಟೈಮ್ ಎಷ್ಟಾತ್ರಿ ಸಾವಕಾರ್ರ?" ಎಂದರು. ಕತ್ತಲಾಗಿತ್ತು. ಬೇವಿನ ಮರಕ್ಕೆ ನೆರಳಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಸಾವಕಾರರು ತೋಳು ಸರಿಸಿ ಇದ್ದದ್ದನ್ನು ಇದ್ದ ಹಾಗೆ ಓದಿಬಿಟ್ಟರು.

"ಹತ್ತೂ ಹತ್ತು."

ಪುರೋಹಿತರ ಕೈಯಲ್ಲಿದ್ದ ಗಂಟೆ ತಾನೇ ಬಡಿದುಕೊಂಡಿತು. "ಮುಹೂರ್ತ ಮೀರಿ ಮೂರು ತಾಸಾತಲ್ರಿ! ನಿಮ್ಮದು ನೋಡ್ರಿ," ಎಂದು ಬಟ್ಟೆ ಸಾವಕಾರರ ಕಡೆ ತಿರುಗಿದರು. ಎದುರಿನವರ ಮಾನ ಬಜಾರಿನ ನಡುವೆ ಹರಾಜು ಹಾಕಲು ಅವರಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಏನು ಮಾಡುವುದು, ಕೈಯಲ್ಲಿ ಅದೇ ಗಡಿಯಾರ.

"ಹೌದ್ರಿ. ನನ್ನದ್ರಾಗೂ ಹತ್ತೂ ಹತ್ತ."

ಇಬ್ಬರು ಸಾವಕಾರರ ಗಡಿಯಾರ ಒಂದೇ ಮಾತು ಹೇಳಿದ ಮೇಲೆ ಪುರೋಹಿತರು ಏನೆಂದಾರು? ಒಂದೇ ಉಸಿರಿಗೆ ಪೂಜೆ ಮುಗಿಸಿದರು. ಪ್ರಸಾದ ತಗೊಂಡು ಹೊರಗೆ ಬಂದರೆ ಆರೂವರೆಗೆ ಬರಬೇಕಾದ ಬಳ್ಳಾರಿ ಗಾಡಿ ಆಗಷ್ಟೇ ಸ್ಟೇಷನ್ನಿನಲ್ಲಿ ಕೂಗಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎಣ್ಣೆ ಸಾವಕಾರರು ಕೈ ನೋಡಿಕೊಂಡು ತಲೆ ಅಲ್ಲಾಡಿಸಿದರು.

"ಗಾಡಿ ಇವತ್ತ ನಾಕು ತಾಸು ಲೇಟ್ ನೋಡ್ರಿ."

ತಹಶೀಲ್ದಾರರ ಊಟ

ಅದೇ ಬೀದಿಯ ವಕೀಲರ ಮನೆಯಾಕೆ ನವರಾತ್ರಿಗೆ ಕ್ಯಾಟಲಾಗಿನಿಂದ ಮೂವತ್ತಾರು ಸಾಮಾನಿನ ಪಿಂಗಾಣಿ ಊಟದ ಸೆಟ್ಟು ತರಿಸಿದರು. ಚಿತ್ರದಲ್ಲಿ ತಟ್ಟೆ, ಬೋಗುಣಿ, ಲೋಟ ಎಲ್ಲ ಒಂದು ಪುಟದ ತುಂಬ ಇದ್ದವು. ಆ ಸೆಟ್ಟಿನ ಧೈರ್ಯದ ಮೇಲೆ ವಕೀಲರು ತಹಶೀಲ್ದಾರರನ್ನು ಊಟಕ್ಕೆ ಕರೆದಿದ್ದರು.

ಪಾರ್ಸಲ್ಲು ನನ್ನ ಒಂದು ಕೈಯಲ್ಲಿ ಹಿಡಿಯುವಷ್ಟಿತ್ತು. ಅಮ್ಮನವರು, "ಮಿಕ್ಕದ್ದು ಎಲ್ರಿ?" ಎಂದರು. ಮಿಕ್ಕದ್ದೇನೂ ಇರಲಿಲ್ಲ. ಬಿಚ್ಚಿದರೆ ಮೂವತ್ತಾರೂ ಇದ್ದವು. ತಟ್ಟೆ ಎಂದರೆ ಬೆಳ್ಳಿ ರೂಪಾಯಿಯಷ್ಟು, ಲೋಟ ಎಂದರೆ ಹೆಬ್ಬೆರಳಿನ ಟೋಪಿಯಷ್ಟು.

ಅಮ್ಮನವರು ಗಟ್ಟಿಗಿತ್ತಿ. ಸೆಟ್ಟನ್ನು ಹಬ್ಬಕ್ಕೆ ಕೂಡಿಸಿದ್ದ ಬೊಂಬೆಗಳ ಮುಂದೆ ಜೋಡಿಸಿ, ಬಂದವರಿಗೆಲ್ಲ, "ಬೊಂಬಿಗಳಿಗೆ ಅಂತನ ಕಲ್ಕತ್ತಾದಿಂದ ತರಸೀವ್ರಿ," ಎಂದರು. ಊರೆಲ್ಲ ಹೊಗಳಿತು. ವಕೀಲರು ಮಾತ್ರ ನನ್ನನ್ನು ಬದಿಗೆ ಕರೆದರು.

"ಅಲ್ರಿ, ಬೊಂಬಿಗಳ ಊಟ ಆತು. ತಹಶೀಲ್ದಾರ್ರನ್ನ ಎಷ್ಟು ಸಣ್ಣಗ ಮಾಡಿ ಕೂಡಸ್ಲಿ?"

ತವರಿನ ಬಳೆ

ಊರಿನ ಇನ್ನೊಂದು ತುದಿಯಲ್ಲಿ ಧಾನ್ಯದ ವ್ಯಾಪಾರಿಗಳ ದೊಡ್ಡ ಮನೆ. ಯಜಮಾನರು, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಯಜಮಾನರಿಗೆ ಕ್ಯಾಟಲಾಗು ಕಂಡರೆ ಆಗುತ್ತಿರಲಿಲ್ಲ. ಮನೆಗೆ ಬಂದದ್ದನ್ನು ನೇರವಾಗಿ ಒಲೆಗೆ ಹಾಕಿಸುತ್ತಿದ್ದರು. ಒಲೆಗೆ ಹಾಕುವುದು ಅಡುಗೆಮನೆಯ ಕೆಲಸ ಎಂಬುದನ್ನು ಅವರು ಯೋಚಿಸಿರಲಿಲ್ಲ.

ಒಂದು ದಿನ ದೊಡ್ಡ ಸೊಸೆ ಹಿತ್ತಲ ಬಾಗಿಲಲ್ಲಿ ನಿಂತು ಕರೆದಳು. "ಪೋಸ್ಟಣ್ಣಾ, ನನ್ನ ಹೆಸರಿಗೆ ಏನರ ಬಂದ್ರ ಹಿಂದಿನ ಬಾಗಿಲಿಗೆ ತರ್ರಿ. ಮುಂದ ನಿಂತು ಕೂಗಬ್ಯಾಡ್ರಿ. ನಮ್ಮ ಅತ್ತಿಯವ್ರಿಗೆ ಗೊತ್ತಾದ್ರ ಮುಗೀತು."

ಎರಡು ದಿನಕ್ಕೆ ಚಿಕ್ಕ ಸೊಸೆ ಬಾವಿಯ ಹತ್ತಿರ ಸಿಕ್ಕಳು. "ಪೋಸ್ಟಣ್ಣಾ, ನನ್ನದು ಬಂದ್ರ ಇಲ್ಲೇ ಕೊಡ್ರಿ. ನಮ್ಮ ಅಕ್ಕ ನೋಡಿದ್ರ ತಾನೂ ತರಸ್ತಾಳ."

ಆ ವಾರವೇ ಅತ್ತೆಯವರು ಗುಡಿಯ ಮೆಟ್ಟಿಲ ಮೇಲೆ ಕಾದಿದ್ದರು. "ಗುಡಿಗೇ ತಂದು ಕೊಡಪ್ಪ. ಸೊಸಿಗಳ ಕಣ್ಣಿಗೆ ಬೀಳಬಾರದು. ಅವಕ್ಕ ಮೊದಲ ಆಸಿ ಬಾಳ."

ಮೂರು ಪಾರ್ಸಲ್ಲು ಒಂದೇ ಚೀಲದಲ್ಲಿ ಬಂದವು, ಕಲ್ಕತ್ತಾದ ಒಂದೇ ಕಂಪನಿಯವು, ಒಂದೇ ತೂಕದವು. ಚಿನ್ನದ ನೀರು ಕುಡಿಸಿದ ಬಳೆ, ಆರು ತಿಂಗಳು ಬಣ್ಣ ಹೋಗದೆಂದು ಗ್ಯಾರಂಟಿ. ಹಿತ್ತಲು, ಬಾವಿ, ಗುಡಿ, ಮೂರು ಕಡೆಗೂ ತಲುಪಿಸಿದೆ. ಒಬ್ಬರ ಸುದ್ದಿ ಒಬ್ಬರಿಗೆ ಹೇಳಲಿಲ್ಲ.

ಹಬ್ಬದ ದಿನ ಯಜಮಾನರು ನನ್ನನ್ನು ಊಟಕ್ಕೆ ನಿಲ್ಲಿಸಿಕೊಂಡರು. ದೊಡ್ಡ ಸೊಸೆ ಹೋಳಿಗೆ ಬಡಿಸಲು ಬಂದಳು. ಬಳೆ ಫಳಫಳ. "ಹೊಸವೇನವ್ವ?" ಎಂದರು ಯಜಮಾನರು. "ನಮ್ಮ ತವರಾಗ ಕೊಟ್ರಿ ಮಾವ." ಹಿಂದೆಯೇ ಚಿಕ್ಕ ಸೊಸೆ ತುಪ್ಪ ತಂದಳು. ಅಂಥವೇ ಬಳೆ. "ನಮ್ಮ ತವರಾಗೂ ಕೊಟ್ರಿ ಮಾವ." ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿ ಕಲ್ಲಾದರು. ಅಷ್ಟರಲ್ಲಿ ಅತ್ತೆಯವರು ಹಪ್ಪಳದ ಬುಟ್ಟಿ ಹಿಡಿದು ಬಂದರು. ಯಜಮಾನರು ಕೇಳುವ ಮೊದಲೇ, "ಯಾಕ? ನನಗ ತವರಿಲ್ಲೇನು?" ಎಂದರು.

ಯಜಮಾನರು ಮೂರು ಜೊತೆ ಬಳೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಹೋಳಿಗೆ ನೋಡಿದೆ.

"ನಮ್ಮ ಮನಿ ಮೂರೂ ಹೆಣ್ಮಕ್ಕಳ ತವರುಮನಿ ಕಲ್ಕತ್ತಾದಾಗೈತಿ ಅಂತ ನನಗ ಇವತ್ತ ಗೊತ್ತಾತ್ರಿ," ಎಂದರು. "ನಿಮಗ ಬಾಳ ದಿನದಿಂದ ಗೊತ್ತಿತ್ತು ಕಾಣ್ತೈತಿ."

ಅಳಿಯನ ಬೂಟು

ಮಡಕಶಿರಕ್ಕೆ ವರ್ಗವಾದ ಮೇಲಿನ ಮಾತು. ಅಲ್ಲೇ ಹತ್ತಿರದ ರತ್ನಗಿರಿ ಕಡೆಯ ಒಂದು ಹಳ್ಳಿಯ ಗೌಡರು, ಕಡ್ಲೆಕಾಯಿ, ರಾಗಿ ಬೆಳೆಯುವ ಒಕ್ಕಲು, ಮಗಳನ್ನು ಆ ವರ್ಷವಷ್ಟೇ ಕೊಟ್ಟಿದ್ದರು. ಮೊದಲ ದೀಪಾವಳಿಗೆ ಬಂದ ಅಳಿಯ ಜಗಲಿ ಮೇಲೆ ಕೂತು ಕ್ಯಾಟಲಾಗು ತೆರೆದು, ಅಮಲ್ದಾರರು ಹಾಕುವಂಥ ಬೂಟು ಬೇಕೆಂದ. ಬೂಟು ಬಾರದೆ ಊರಿಗೆ ಹೋಗುವುದಿಲ್ಲವೆಂದ. ಕಾಗದದ ಮೇಲೆ ಪಾದ ಇಟ್ಟು, ಸುತ್ತ ಗೆರೆ ಎಳೆದು, ಅಳತೆ ಕಳಿಸಿದರು.

ಆಮೇಲೆ ಗೌಡರು ದಿನ ಬಿಟ್ಟು ದಿನ ನಮ್ಮ ಆಫೀಸಿಗೆ ನಡೆದು ಬರುತ್ತಿದ್ದರು.

"ಸ್ವಾಮಿ, ಬಂತಾ?"

"ಇನ್ನೂ ಇಲ್ಲ ಗೌಡ್ರೆ."

"ಅಳಿಯ ಮುನಿಸ್ಕಂಡು ಕುಂತವ್ನೆ ಸ್ವಾಮಿ. ಯಾರತ್ರಾನೂ ಮಾತಾಡಲ್ಲ. ಊಟಕ್ಕೆ ಮಾತ್ರ ಕರೆಯೋಕೆ ಮೊದ್ಲೇ ಬತ್ತಾನೆ."

ಎರಡನೇ ವಾರ, "ಕೋಳಿ ಎಲ್ಲ ಮುಗುದ್ವು ಸ್ವಾಮಿ. ಈಗ ಹುಂಜದ ಕಡೆ ನೋಡ್ತಾವ್ನೆ," ಎಂದರು. ನಾಲ್ಕನೇ ವಾರ ನನ್ನ ಚೀಲವನ್ನು ನೋಡಿ ಕೈಮುಗಿದು ಹೋದರು.

ಕೊನೆಗೆ ಬಂತು. ಹಿಂದೂಪುರದ ಬಸ್ಸಿನಿಂದ ಚೀಲ ಇಳಿಸಿದ ಕೂಡಲೇ ನಾನೇ ಸೈಕಲ್ಲು ತುಳಿದು ಹಳ್ಳಿಗೆ ಒಯ್ದೆ. ಮನೆಯೆಲ್ಲ ಸುತ್ತ ನಿಂತಿತು. ಅಳಿಯ ಡಬ್ಬಿ ಬಿಚ್ಚಿ ಎಡಗಾಲಿಗೆ ಒಂದು ಬೂಟು ಹಾಕಿದ. ಒಳ್ಳೇ ಅಳತೆ. ಬಲಗಾಲಿಗೆ ಇನ್ನೊಂದು ಹಾಕಲು ಹೋದ, ಹೋಗಲಿಲ್ಲ. ಅದೂ ಎಡಗಾಲಿನದೇ. ಅಳತೆಗೆ ಕಳಿಸಿದ್ದು ಎಡ ಪಾದದ ಗೆರೆ. ಕಂಪನಿಯವರು ಬರೆದದ್ದನ್ನು ಹಾಗೆಯೇ ಪಾಲಿಸಿದ್ದರು.

ಅಳಿಯನಿಗೇನೂ ಬೇಜಾರಾಗಲಿಲ್ಲ. "ವಾಪಸ್ ಕಳ್ಸಾನ ಮಾವ. ಇನ್ನೊಂದು ಬರಾಗಂಟ ಇಲ್ಲೇ ಇರ್ತೀನಿ," ಎಂದ.

ಗೌಡರ ಮುಖ ಬಿಳಿಚಿತು. "ಎಷ್ಟು ದಿನ ಆಯ್ತದೆ ಸ್ವಾಮಿ?" ಎಂದು ನನ್ನನ್ನು ಕೇಳಿದರು. "ಹೋಗಿ ಬರೋಕೆ ಒಂದೂವರೆ ತಿಂಗಳು," ಎಂದೆ. ಗೌಡರು ಅಲ್ಲೇ ಮಂಡಿಯೂರಿ ಕೂತು, ಅಳಿಯನ ಬಲಗಾಲು ಹಿಡಿದು, ಆ ಎಡಬೂಟಿಗೆ ತುರುಕಿ, ದಾರ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದರು.

"ನಡಿಯಪ್ಪ. ನಡೀತಾ ನಡೀತಾ ಸರಿಹೋಯ್ತದೆ. ನಿಮ್ಮೂರು ಎಂಟೇ ಮೈಲಿ."

ಮಾವ ಕಾಲು ಹಿಡಿದ ಮೇಲೆ ಅಳಿಯ ಏನು ಮಾಡಿಯಾನು? ಗಂಟುಮೂಟೆ ಕಟ್ಟಿಕೊಂಡು ಹೆಂಡತಿಯನ್ನು ಹಿಂದಿಟ್ಟುಕೊಂಡು ಹೊರಟ. ಎಡಗಾಲು ನೆಟ್ಟಗೆ ಹೋಗುತ್ತಿತ್ತು, ಬಲಗಾಲು ಎಡಕ್ಕೆ ಎಳೆಯುತ್ತಿತ್ತು. ಕೆರೆ ಏರಿಯ ತನಕ ಹೋದದ್ದು ನಮಗೆ ಕಾಣುತ್ತಿತ್ತು. ಅಲ್ಲಿ ಬಲಕ್ಕೆ ತಿರುಗಬೇಕು. ಅಳಿಯ ಎಡಕ್ಕೆ ತಿರುಗಿದ, ಇನ್ನಷ್ಟು ತಿರುಗಿದ. ಬಾಗಿಲಲ್ಲಿ ನಿಂತಿದ್ದ ಗೌಡರ ಹೆಂಡತಿ ಒಮ್ಮೆಲೇ ಎದೆಗೆ ಕೈ ಇಟ್ಟುಕೊಂಡಳು.

"ಅಯ್ಯೋ ಬನ್ರೀ ಇಲ್ಲಿ! ತಿರುಗಿ ನಮ್ಮನೆ ಕಡೇಕೇ ಬತ್ತಾವ್ನೆ!"

ಆಸೆ ಗೆಲ್ಲುವ ಪುಸ್ತಕ

ಇಷ್ಟು ಹೇಳಿ ನನ್ನದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನಾನು ಮಡಕಶಿರದಲ್ಲಿ ಒಂದು ಥರದ ಉಪದೇಶಿಯಾಗಿದ್ದೆ. ಕ್ಯಾಟಲಾಗು ಹಿಡಿದು ಬಂದವರಿಗೆಲ್ಲ, "ಯಾಕ್ರೀ ಇವೆಲ್ಲ? ಇದ್ದದ್ರಾಗ ಇರ್ರಿ," ಎನ್ನುತ್ತಿದ್ದೆ. ಒಂದು ಸಲ ಯುಗಾದಿಗೆ ಮೊದಲು ಒಂದು ತೆಲುಗು ಪಂಚಾಂಗದ ಹಿಂದಿನ ರಟ್ಟಿನ ಮೇಲೆ ಒಂದು ಜಾಹೀರಾತು ಕಂಡಿತು. ಆಸೆಯನ್ನು ಗೆಲ್ಲುವ ಹನ್ನೆರಡು ಸೂತ್ರಗಳು ಎಂಬ ಗ್ರಂಥ. ಮಡಕಶಿರದಂಥ ಊರಿಗೆ ಇಂಥದೊಂದು ಪುಸ್ತಕ ಅಗತ್ಯ ಎನಿಸಿತು. ತರಿಸಿ ಎಲ್ಲರಿಗೂ ಓದಲು ಕೊಡುತ್ತೇನೆಂದು ಪೋಸ್ಟ್‌ಮಾಸ್ಟರರಿಗೂ ಹೇಳಿದೆ. ಗ್ರಂಥದ ಜೊತೆಗೆ ಹನ್ನೆರಡು ಉಡುಗೊರೆ ಪುಕ್ಕಟೆ ಎಂದೂ ಬರೆದಿತ್ತು. ಅದನ್ನು ನಾನು ಹೇಳಲಿಲ್ಲ. ಪೆನ್ನು, ಚಾಕು, ಅತ್ತರು, ಕೈಚೀಲ, ರೇಷ್ಮೆ ಕರ್ಚೀಫು. ಪುಸ್ತಕದ ಹೆಸರನ್ನು ಒಂದು ಸಲ ಓದಿದ್ದೆ. ಈ ಪಟ್ಟಿ ನನಗೆ ಬಾಯಿಪಾಠವಾಗಿತ್ತು. ಹೆಂಡತಿಗೂ ಓದಿ ಹೇಳಿದ್ದೆ. ಅವಳೂ ಬಾಯಿಪಾಠ ಮಾಡಿದ್ದಳು.

ಪಾರ್ಸಲ್ಲು ಹಬ್ಬದ ಹಿಂದಿನ ದಿನ ಬಂತು. ರೂಲು ಎಲ್ಲರಿಗೂ ಒಂದೇ. ನನ್ನ ಜೇಬಿನಿಂದ ದುಡ್ಡು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡು, ನನಗೆ ನಾನೇ ಸಹಿ ಕೊಟ್ಟೆ. ಮನೆಯ ಬಾಗಿಲಿಗೆ ಹೋಗಿ ರೂಢಿಯ ಮೇಲೆ, "ಪೋಸ್ಟ್!" ಎಂದೆ.

ಒಳಗಿನಿಂದ ಹೆಂಡತಿಯ ದನಿ ಬಂತು. "ಮನ್ಯಾಗಿನವ್ರು ಡ್ಯೂಟಿಗೆ ಹೋಗ್ಯಾರ್ರಿ, ನಾಳಿಗೆ ಬರ್ರಿ!"

"ನಾನ ಬಂದೀನೇ, ಬಾಗಿಲು ತಗಿ!"

ಇಬ್ಬರೂ ಚಾಪೆಯ ಮೇಲೆ ಕೂತು ಬಿಚ್ಚಿದೆವು. ಪುಸ್ತಕವಿತ್ತು. ಡಬ್ಬಿ ತಲೆಕೆಳಗು ಮಾಡಿ ಬಡಿದೆವು. ಪುಸ್ತಕ ಮಾತ್ರ ಇತ್ತು. ನನಗೆ ಮೈಯೆಲ್ಲ ಉರಿಯಿತು. ಕಂಪನಿಗೆ ದೂರು ಬರೆಯುತ್ತೇನೆ, ಅನಂತಪುರದ ಸೂಪರಿಂಟೆಂಡೆಂಟರಿಗೆ ಬರೆಯುತ್ತೇನೆ ಎಂದು ಕೂಗಾಡಿದೆ. ಹೆಂಡತಿ ಮೊದಲ ಹಾಳೆ ತಿರುವಿ, "ಇಲ್ಲೇನೋ ಬರದಾರ, ಓದ್ರಿ," ಎಂದಳು. ಓದಿದೆ.

ಮೊದಲನೆಯ ಸೂತ್ರ: ಪುಕ್ಕಟೆ ಸಿಗುವುದನ್ನು ಬಯಸಬಾರದು. ಓದುಗರು ಈ ಸೂತ್ರವನ್ನು ಇಂದಿನಿಂದಲೇ ಅಭ್ಯಾಸ ಮಾಡಲೆಂದು ಹನ್ನೆರಡು ಉಡುಗೊರೆಗಳನ್ನು ನಾವೇ ಇಟ್ಟುಕೊಂಡಿದ್ದೇವೆ.

ಹೆಂಡತಿ ನಕ್ಕಳು. ನಾನು ನಗಲಿಲ್ಲ. ಎರಡನೆಯ ಸೂತ್ರ ಓದುವ ಧೈರ್ಯ ಬಾರದೆ ಪುಸ್ತಕ ಮೂಲೆಗೆ ಎಸೆದೆ. ಅದು ಕೊನೆಯ ಹಾಳೆಗೆ ತೆರೆದುಕೊಂಡು ಬಿತ್ತು. ಹೆಂಡತಿ ಎತ್ತಿಕೊಂಡು ಬಂದು ಅದನ್ನೂ ನನ್ನ ಕೈಯಲ್ಲೇ ಓದಿಸಿದಳು. ಗ್ರಂಥದ ಎರಡನೆಯ ಭಾಗ ಸಿದ್ಧವಾಗಿದೆ, ಅದರ ಜೊತೆಗೆ ಇಪ್ಪತ್ತನಾಲ್ಕು ಉಡುಗೊರೆ ಎಂದು ಅಲ್ಲಿತ್ತು.

"ಹನ್ನೆರಡರಾಗ ಒಂದೂ ಬರ್ಲಿಲ್ಲ, ಖರೆ," ಎಂದಳು. "ಆದ್ರ ಇಪ್ಪತ್ನಾಕರಾಗ ಒಂದರ ಬರಂಗಿಲ್ಲೇನ್ರಿ? ಕಾರ್ಡು ಬರೀರಿ."

ಬರೆದೆ. ಮಾರನೆಯ ದಿನ ಆ ಕಾರ್ಡನ್ನು ಡಬ್ಬಿಗೆ ಹಾಕಿದವನೂ ನಾನೇ, ಡಬ್ಬಿಯ ಬೀಗ ತೆಗೆದು ಹೊರಗೆ ತೆಗೆದವನೂ ನಾನೇ, ಮುದ್ರೆ ಹೊಡೆದು ಚೀಲಕ್ಕೆ ಕಟ್ಟಿದವನೂ ನಾನೇ. ನಡುವೆ ಎಲ್ಲಿ ಬೇಕಾದರೂ ಹರಿದು ಹಾಕಬಹುದಿತ್ತು.