ಮಾವನ ಅಂಗಡಿಯ ಓರೆಹೆಗಲ ಬೊಂಬೆ

ನಮ್ಮ ಸೋದರಮಾವನನ್ನು ಹುಚ್ಚ ಎನ್ನುವವರು ತಾಳವಾಡಿಯಲ್ಲಿ ಬೇಕಾದಷ್ಟು ಜನ ಇದ್ದರು. ಹಾಗೆ ಹೇಳುವಾಗ ಅವರೆಲ್ಲ ತೊಟ್ಟಿರುತ್ತಿದ್ದದ್ದು ಮಾವ ಹೊಲಿದ ಅಂಗಿಯನ್ನೇ! ಅಂಗಿ ಹರಿದರೂ ಅವನು ಹೊಲಿದ ಕಾಲರ್ ಬಗ್ಗುತ್ತಿರಲಿಲ್ಲ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ರೆಡಿಮೇಡ್ ಅಂಗಿಗಳು ಸತ್ಯಮಂಗಲದಿಂದ ಘಾಟಿ ಹತ್ತಿ ಬಂದವು. ನಾನು ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡಿದ್ದ; ಅಲ್ಲಿಂದಾಚೆ ನಾನೂ ಅವ್ವನೂ ಉಣ್ಣುತ್ತಿದ್ದದ್ದು ಮಾವನ ಅಂಗಡಿಯ ಅನ್ನ. ಅದು ಮುಚ್ಚಿದರೆ ಗತಿಯೇನು? ಮಾವ ಮಾತ್ರ ಮೀಸೆ ತಿರುವಿ, "ನಾವೂವೆ ಮಾಡ್ರನ್ ಆಗ್ಬುಡವ ಕಣ್ಲಾ" ಎಂದ.

ಮೊದಲು ಬಂದದ್ದು ಟ್ರಯಲ್ ರೂಮು. ಅಂದರೆ ಮೂಲೆಗೊಂದು ಕೆಂಪು ಪರದೆ, ಅದರ ಹಿಂದೆ ಆಳುದ್ದದ ಕನ್ನಡಿ. ಪಣಕಹಳ್ಳಿಯ ಯಜಮಾನರೊಬ್ಬರು ಹೊಲಿಸಿದ ಹೊಸ ಅಂಗಿ ತೊಟ್ಟು ನೋಡಲು ಹೋದವರು, ಪರದೆ ಕಂಡದ್ದೇ ಚಪ್ಪಲಿ ಬಿಟ್ಟು ಕೈಮುಗಿದು ನಿಂತುಬಿಟ್ಟರು!

"ಪೂಜೆ ಮುಗೀತಾ? ಒಳೀಕೆ ಓಗ್ಬೋದಾ?"

"ಓಗಣ್ಣ, ಒಳಗಿರಾ ದ್ಯಾವ್ರು ನೀನೇಯ!" ಎಂದ ಮಾವ.

ಯಜಮಾನರನ್ನು ಕನ್ನಡಿಯ ಮುಂದಿನಿಂದ ಹೊರಡಿಸಲು ಕೊನೆಗೆ ಬಸ್ಸಿನ ಹಾರನ್ನೇ ಬೇಕಾಯಿತು.

ಆಮೇಲೆ ಕೊಯಮತ್ತೂರಿನಿಂದ ಅಂಗಿ ತೊಡಿಸುವ ಬೊಂಬೆ ಬಂತು. ತಲೆಯಿಲ್ಲ, ಕೈಯಿಲ್ಲ, ಹೊಟ್ಟೆಯಂತೂ ಇಲ್ಲವೇ ಇಲ್ಲ! "ಈ ಅಸ್ಕಂಡಿರಾ ನನ್ಮಗನ ಅಳ್ತೆ ನಮ್ಮೂರ್ನಲ್ಲಿ ಯಾರ್ಗಪ್ಪ ಬತ್ತದೆ?" ಎಂದು ಮಾವ ಚೂರುಬಟ್ಟೆ ಸುತ್ತಿ ಸುತ್ತಿ ಅದರ ಎದೆ ಅಗಲ ಮಾಡಿದ. ಅಷ್ಟಕ್ಕೇ ಬಿಡಬಾರದೆ? ಬಲಹೆಗಲಿಗೆ ಇನ್ನಷ್ಟು ತುಂಬಿ, ಎಡಹೆಗಲು ತಗ್ಗಾಗಿ ಕಾಣುವಂತೆ ಮಾಡಿ ಇನ್ನೊಂದು ಮೂಲೆಯಲ್ಲಿ ನಿಲ್ಲಿಸಿದ!

ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತ ಒಳಗೆ ಇಣುಕುವವರಿಗೆಲ್ಲ ನಗೆಯೋ ನಗೆ. "ಓರೆ ಒಲಿಯಾ ಟೈಲ್ರು ಕಣ್ಲಾ" ಎನ್ನುತ್ತ ಕೆಲವರು ಎದುರಿನ ರೆಡಿಮೇಡ್ ಅಂಗಡಿಗೇ ನಡೆದರು. ನೆಟ್ಟಗೆ ಮಾಡು ಮಾರಾಯ ಎಂದರೆ ಮಾವ ಕೇಳಬೇಕಲ್ಲ! ಎಲ್ಲದರಲ್ಲೂ ಮಾಡ್ರನ್ ಆದ ಮನುಷ್ಯನಿಗೆ ಆ ಹೆಗಲೊಂದರಲ್ಲಿ ಮಾತ್ರ ಕೋಣನ ಹಟ.

ಕೊನೆಗೊಂದು ದಿನ ಅವ್ವನೇ ಸೂಜಿದಾರ ಹಿಡಿದು ಅಂಗಡಿಗೆ ಬಂದಳು. "ಇರೋ ಗಿರಾಕಿನೂ ಓಡಿಸ್ಬುಡ್ತೀಯ. ತತ್ತಾ, ನಾನೇ ನೆಟ್ಟಗ್ ಮಾಡ್ತೀನಿ" ಎಂದು ಬೊಂಬೆಯ ಎಡಹೆಗಲ ಮೇಲೆ ಕೈಯಿಟ್ಟಳು. ಇಟ್ಟ ಕೈ ತೆಗೆಯಲಿಲ್ಲ.

ತಿಗನಾರೆಯ ಹೊಲಕ್ಕೆ ನೇಗಿಲು ಹೊತ್ತು ಹೊತ್ತು ನಮ್ಮಪ್ಪನ ಎಡಹೆಗಲು ತಗ್ಗಿತ್ತಂತೆ. ನನಗದು ಗೊತ್ತಾದದ್ದೇ ಅವತ್ತು.

"ಬಾವನ ಅಳ್ತೆ ಕಣಕ್ಕ," ಮಾವ ಮೆಷಿನ್ನಿನಿಂದ ತಲೆಯೆತ್ತಲಿಲ್ಲ. "ನಾ ಒಲ್ದ ಮೊದಲ್ನೇ ಅಂಗಿ ಅವರ್ದೇ ಅಲ್ವಾ? ನೆಟ್ಟಗ್ ಮಾಡ್ಬುಟ್ರೆ ಅವರು ಎಲ್ಲಿರ್ತಾರೆ?"

ಆ ಹುಚ್ಚನ ಮೇಲೆ ನನಗೆ ಉಕ್ಕಿಬಂದ ಪ್ರೀತಿಯನ್ನು ಏನೆಂದು ಹೇಳಲಿ! ಅವ್ವ ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡಳು. ಬೊಂಬೆಯ ಅಂಗಿಗೆ ಮೇಲಿನ ಗುಂಡಿ ಹಾಕಿ, ಕಾಲರ್ ಸರಿಮಾಡಿದಳು.

"ನಗೋರು ನಕ್ಕಳ್ಳಿ ಬುಡು," ಎಂದಳು. "ಮೂಲೇಲಿ ಯಾಕ್ ಮಡ್ಗಿದೀಯ? ಬೀದಿ ಕಡೀಕೆ ನಿಲ್ಸು. ಬಸ್ಸಿಂದ ಇಳಿತಲೂ ಕಾಣ್ಲಿ."